ಎರಡನೇ ಓಬೋ ರಾಜಲಕ್ಷ್ಮಿ

ನಮ್ಮ ಆರ್ಕೆಸ್ಟ್ರಾದಲ್ಲಿ ರಾಜಲಕ್ಷ್ಮಿ ಹದಿಮೂರು ವರ್ಷ ಎರಡನೇ ಓಬೋ ನುಡಿಸಿದಳು. ನಾನು ಅದೇ ಆರ್ಕೆಸ್ಟ್ರಾದಲ್ಲಿ ಪಿಟೀಲಿನ ಕೊನೆಯ ಸಾಲಿನವಳು. ನಾವಿಬ್ಬರೂ ಅಮೆರಿಕದ ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್‌ನವರಾದ್ದರಿಂದ ಮಂಗಳವಾರದ ರಿಹರ್ಸಲ್‌ಗೆ ಒಂದೇ ಕಾರಲ್ಲಿ ಹೋಗಿಬರುತ್ತಿದ್ದೆವು. ಈ ಕಥೆಯ ಅರ್ಧ ಭಾಗ ನಾನು ಕಣ್ಣಾರೆ ಕಂಡಿದ್ದು, ಉಳಿದರ್ಧ ಕಾರಿನಲ್ಲಿ ಅವಳೇ ಹೇಳಿದ್ದು. ಬರೆಯಲೇ ಅಂತ ಕೇಳಿದಾಗ, "ಬರಿ ಸೌಮ್ಯಾ, ಆದ್ರೆ ನನ್ನನ್ನ ಒಳ್ಳೆಯವಳನ್ನಾಗಿ ಮಾಡಬೇಡ" ಅಂದಳು.

ಓಬೋ ನಮ್ಮ ನಾಗಸ್ವರದ ದೂರದ ನೆಂಟ. ಕಪ್ಪು ಮರದ ಕೊಳವೆ, ಮೈತುಂಬ ಬೆಳ್ಳಿ ಕೀಲಿಗಳು. ಅದರ ಜೀವವೆಲ್ಲ ತುದಿಗೆ ಸಿಕ್ಕಿಸುವ ರೀಡ್‌ನಲ್ಲಿದೆ. ಜೊಂಡಿನ ಎರಡು ಸಣ್ಣ ಸೀಳುಗಳನ್ನು ಮುಖಾಮುಖಿ ಇಟ್ಟು, ದಾರ ಬಿಗಿದು, ಚಾಕುವಿನಿಂದ ಹೆರೆದು ಹೆರೆದು ಅದನ್ನು ಮಾಡುತ್ತಾರೆ. ಕೂದಲೆಳೆಯಷ್ಟು ಹೆಚ್ಚು ಹೆರೆದರೂ ಕೆಟ್ಟಿತು. ಎಷ್ಟೇ ಚೆನ್ನಾಗಿ ಮಾಡಿದರೂ ಒಂದೆರಡು ವಾರ ಬಾಳಿದರೆ ಹೆಚ್ಚು.

ರಾಜಲಕ್ಷ್ಮಿ ಏಳನೇ ವಯಸ್ಸಿನಿಂದ ರೀಡ್ ಮಾಡುತ್ತಿದ್ದವಳು. ಅವಳ ಅಪ್ಪ ತ್ಯಾಗರಾಜ ಮೈಸೂರಿನ ಪೊಲೀಸ್ ಇಂಗ್ಲಿಷ್ ಬ್ಯಾಂಡಿನಲ್ಲಿ ಮೂವತ್ತೆರಡು ವರ್ಷ ಓಬೋ ಊದಿದವರು. ಮನೆಯಲ್ಲಿ ಲೋಟದಲ್ಲಿ ಜೊಂಡು ನೆನೆಹಾಕುವುದು, ದಾರ ಸುತ್ತುವುದು, ಚಾಕು ಮಸೆಯುವುದು ಎಲ್ಲಾ ಇವಳ ಕೆಲಸ. ವಾದ್ಯ ಮಾತ್ರ ಅಣ್ಣನ ಕೈಗೆ. ಅಣ್ಣನಿಗೆ ಅದರಲ್ಲಿ ಆಸೆಯೇ ಇರಲಿಲ್ಲ, ಕ್ರಿಕೆಟ್ ಆಡಲು ಓಡುತ್ತಿದ್ದ. ಒಮ್ಮೆ ಇವಳು "ಅಪ್ಪಾ, ನಾನೂ ಊದಲಾ?" ಅಂದಾಗ ಅವರು ನಕ್ಕು, "ಕೆನ್ನೆ ಊದಿಸ್ಕೊಂಡು ಕೂತ್ರೆ ನಿನ್ನ ಯಾರು ಮದುವೆ ಆಗ್ತಾರೆ?" ಅಂದಿದ್ದರು. ಗದರಿದ್ದರೆ ಮರೆತುಬಿಡುತ್ತಿದ್ದೆ, ನಕ್ಕಿದ್ದು ಮರೆಯಲಾಗಲಿಲ್ಲ ಅನ್ನುತ್ತಾಳೆ.

ಮದುವೆಯಾಗಿ ಮೇರಿಲ್ಯಾಂಡಿಗೆ ಬಂದು, ಬಯೋಟೆಕ್ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಹಿಡಿದು, ಮಗ ಸ್ಕೂಲಿಗೆ ಹೋಗತೊಡಗಿದ ಮೇಲೆ, ಮೂವತ್ತೈದನೇ ವಯಸ್ಸಿನಲ್ಲಿ ಅವಳು ಓಬೋ ಬಾಡಿಗೆಗೆ ತಂದಳು. ಐದು ವರ್ಷ ಪಾಠ. ಮನೆಯವರಿಗೆ ತೊಂದರೆಯಾಗಬಾರದೆಂದು ಗರಾಜಿನಲ್ಲಿ ಕೂತು ಅಭ್ಯಾಸ. ಎರಡು ಸಾವಿರದ ಹನ್ನೊಂದರಲ್ಲಿ ನಮ್ಮ ಹವ್ಯಾಸಿ ಆರ್ಕೆಸ್ಟ್ರಾಕ್ಕೆ ಸೇರಿದಳು. ಮೊದಲನೇ ಓಬೋ ಕುರ್ಚಿಯಲ್ಲಿ ಒಬ್ಬ ಹಿರಿಯ ಅಮೆರಿಕನ್ ಇದ್ದರು. ಓಬೋ ಒಂಟಿಯಾಗಿ ನುಡಿಯುವ ಜಾಗಗಳೆಲ್ಲ ಅವರವು, ಇವಳದು ಕೆಳಗಿನ ಜೊತೆ ದನಿ. "ಅವರು ರಿಟೈರ್ ಆದ ಮೇಲೆ ನಾನೇ" ಅಂತ ಕಾರಿನಲ್ಲಿ ಅದೆಷ್ಟು ಸಲ ಹೇಳಿದ್ದಳೋ.

ಕೋವಿಡ್ ಬಂದು ಒಂದೂವರೆ ವರ್ಷ ಎಲ್ಲವೂ ನಿಂತಿತು. ಆ ಮಧ್ಯೆ ಮೈಸೂರಿನಲ್ಲಿ ಅವಳ ಅಮ್ಮ ತೀರಿಕೊಂಡರು. ಎರಡು ಸಾವಿರದ ಇಪ್ಪತ್ತೊಂದರ ಕೊನೆಗೆ, ವಿಮಾನಗಳು ಮತ್ತೆ ಶುರುವಾದಾಗ, ತ್ಯಾಗರಾಜರು ಮಗಳ ಮನೆಗೆ ಬಂದರು. ಎಂಬತ್ಮೂರು ವಯಸ್ಸು. ಹಲ್ಲು ಹೋಗಿ ಊದುವುದು ನಿಂತಿತ್ತು, ಕಿವಿ ಮಾತ್ರ ಚಾಕುವಿನಂತೆ ಇತ್ತು. ಮುಂದಿನ ಬೇಸಿಗೆಯಲ್ಲಿ ಮೊದಲನೇ ಓಬೋದವರು ಫ್ಲಾರಿಡಾಕ್ಕೆ ಮನೆ ಬದಲಾಯಿಸಿದರು. ರಾಜಲಕ್ಷ್ಮಿ ಹೊಸ ಕಪ್ಪು ಗೌನ್ ಹೊಲಿಸಿಕೊಂಡಳು.

ಆಗಸ್ಟಿನಲ್ಲಿ ನಮ್ಮೆದುರು ನಿಂತು ಕೋಲು ಬೀಸಿ ನಡೆಸುವ ಕಂಡಕ್ಟರ್ ಡೆನೀಸ್ ಆ ವರ್ಷದ ದೊಡ್ಡ ಕಾರ್ಯಕ್ರಮ ಘೋಷಿಸಿದರು. ನಾರ್ವೆಯ ಒಂದು ಹಳೆಯ ಪದ್ಯನಾಟಕ. ಅದಕ್ಕೆಂದೇ ಬರೆದ ಸಂಗೀತವನ್ನು ಜನ ಚೂರು ಚೂರಾಗಿ ಕೇಳಿರುತ್ತಾರೆ, ಜಾಹೀರಾತುಗಳಲ್ಲಿ, ಕಾರ್ಟೂನುಗಳಲ್ಲಿ. ನಾವು ಮಾತ್ರ ನಟರನ್ನು ಕೂರಿಸಿ ನಾಟಕ ಓದಿಸುತ್ತಾ, ಅದರದರ ಜಾಗದಲ್ಲಿ ಪೂರ್ತಿ ಸಂಗೀತ ನುಡಿಸುವುದು ಅಂತ ನಿರ್ಧಾರವಾಯಿತು. ಅದರಲ್ಲಿ ಬೆಳಗಿನ ಒಂದು ರಾಗವಿದೆ. ಕೊಳಲು ಒಂದು ಸಾಲು ಹಾಡುತ್ತದೆ, ಓಬೋ ಉತ್ತರ ಕೊಡುತ್ತದೆ, ಮತ್ತೆ ಕೊಳಲು, ಮತ್ತೆ ಓಬೋ. ಓಬೋ ಕಲಿತವರೆಲ್ಲ ಒಮ್ಮೆಯಾದರೂ ಅದನ್ನು ಸಭೆಯ ಮುಂದೆ ನುಡಿಸಬೇಕೆಂದು ಆಸೆಪಡುತ್ತಾರೆ.

ಮೊದಲನೇ ಕುರ್ಚಿಗೆ ಡೆನೀಸ್ ಆಡಿಷನ್ ಇಟ್ಟರು. ಪರದೆಯ ಹಿಂದೆ ಕೂತು ನುಡಿಸಬೇಕು, ಹೆಸರು ಯಾರಿಗೂ ಗೊತ್ತಾಗಬಾರದು. ರಾಜಲಕ್ಷ್ಮಿಯೂ ನುಡಿಸಿದಳು. ಆಯ್ಕೆಯಾದವಳು ಅಕ್ಷಯಾ, ಇಪ್ಪತ್ತಾರು ವರ್ಷದವಳು. ಹುಬ್ಬಳ್ಳಿ ಕಡೆಯ ಡಾಕ್ಟರ್ ದಂಪತಿಗಳ ಮಗಳು, ಹುಟ್ಟಿ ಬೆಳೆದಿದ್ದು ನಾರ್ತ್ ಕೆರೊಲಿನಾದ ಶಾರ್ಲಟ್‌ನಲ್ಲಿ. ಆಗಷ್ಟೇ ನಮ್ಮೂರಿನ ಒಂದು ಲ್ಯಾಬಿಗೆ ಕೆಲಸಕ್ಕೆ ಬಂದಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಮೊದಲ ದಿನವೇ ಆ ಹುಡುಗಿ ಪಕ್ಕದಲ್ಲಿ ಕೂತು, "ಆಂಟಿ, ನೀವು ಕನ್ನಡಾ? ಓ ಮೈ ಗಾಡ್, ನಾ ಒಬ್ಬಳೇ ಅನ್ಕೊಂಡಿದ್ದೆ!" ಅಂತ ಇವಳ ಕೈ ಹಿಡಿದುಕೊಂಡಳು. ರಾಜಲಕ್ಷ್ಮಿ ನಕ್ಕಳು. ಮನೆಗೆ ಬರುವಾಗ ಕಾರಿನ ರೇಡಿಯೋದ ದನಿ ಏರಿಸಿದಳು. ಇಳಿಯುವ ಮುಂಚೆ, "ಹನ್ನೊಂದು ವರ್ಷ ಸೌಮ್ಯಾ. ಅವಳು ಆಗ ಹೈಸ್ಕೂಲಿನಲ್ಲಿದ್ದಳು" ಅಂದಳು.

ಅಕ್ಷಯಾಗೆ ನುಡಿಸುವುದು ಬರುತ್ತಿತ್ತು, ರೀಡ್ ಮಾಡುವುದು ಬರುತ್ತಿರಲಿಲ್ಲ. ಶಾರ್ಲಟ್‌ನಲ್ಲಿ ಅವಳ ಗುರುಗಳೇ ಮಾಡಿಕೊಡುತ್ತಿದ್ದರು. ಒಂದು ದಿನ ಡಬ್ಬಿ ತೆರೆದು ತೋರಿಸಿ, "ಎಲ್ಲಾ ಡೆಡ್ ಆಗಿದಾವೆ ಆಂಟಿ. ನೀವು ಮಾಡ್ತೀರಂತೆ? ಪ್ಲೀಸ್?" ಎಂದು ಕೇಳಿದಳು. ಇಲ್ಲವೆನ್ನಲು ಕಾರಣ ಸಿಗದೆ ರಾಜಲಕ್ಷ್ಮಿ ಶನಿವಾರ ಊಟಕ್ಕೆ ಬಾ ಅಂದಳು. ಹಾಗೆ ಅವಳು ಬರತೊಡಗಿದಳು.

ಮೊದಲ ಶನಿವಾರವೇ, ಊಟವಾದ ಮೇಲೆ, ಹೊಸ ರೀಡ್ ಪರೀಕ್ಷಿಸಲು ಅಕ್ಷಯಾ ಆ ಬೆಳಗಿನ ರಾಗ ನುಡಿಸಿದಳು. ಒಳಗೆ ಮಲಗಿದ್ದ ತ್ಯಾಗರಾಜರು ಎದ್ದು ಬಂದು ಬಾಗಿಲಲ್ಲೇ ನಿಂತರು.

"ಇದು ನಮ್ಮ ಬ್ಯಾಂಡಿನದು. ಭಾನುವಾರ ಅರಮನೆ ಮುಂದೆ ಊದ್ತಿದ್ವಿ" ಅಂದರು. ಆಮೇಲೆ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. "ಇನ್ನೊಂದು ಸಲ ಊದಮ್ಮ. ಎರಡನೇ ಸಾಲಿಗೆ ಮುಂಚೆ ಉಸಿರು ತಗೋಬೇಡ, ಹಿಡಿದಿಟ್ಕೋ."

ಅವಳು ಹಾಗೆಯೇ ಊದಿದಳು. ಮುದುಕರ ಕಣ್ಣು ತುಂಬಿತು. "ಉಸಿರು ಅಂದ್ರೆ ಇದು" ಅಂದರು.

ಬಂದಾಗಿನಿಂದ ಹತ್ತು ತಿಂಗಳು ಅದೇ ಮನೆಯಲ್ಲಿದ್ದು, ಗರಾಜಿನಿಂದ ದಿನವೂ ಮಗಳ ಓಬೋ ಕೇಳಿಯೂ ಅವರು ಇಂಥ ಒಂದು ಮಾತು ಆಡಿರಲಿಲ್ಲ. ರಾಜಲಕ್ಷ್ಮಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳಂತೆ. "ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಾಯ್ತು. ನನ್ನ ಕೈಯಲ್ಲಿ ಮಾಡಿದ ರೀಡು, ನಮ್ಮಪ್ಪ, ನಮ್ಮನೆ. ಅದರೊಳಗೆ ಅವಳ ಉಸಿರು."

ಆಮೇಲೆ ಪ್ರತಿ ಶನಿವಾರ ಅದೇ. ಅಕ್ಷಯಾ ಅವರನ್ನು "ಅಜ್ಜಾ" ಅನ್ನುತ್ತಿದ್ದಳು. ಅವರು ಅವಳಿಗಾಗಿ ಬೆಳಗ್ಗೆಯೇ ಗಡ್ಡ ಬೋಳಿಸಿಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ರಾಜಲಕ್ಷ್ಮಿ ಬಿಸಿಬೇಳೆಬಾತ್ ಮಾಡಿ ಬಡಿಸುತ್ತಿದ್ದಳು, ರೀಡ್ ಹೆರೆದು ಕೊಡುತ್ತಿದ್ದಳು, ಪಾಠ ಕೇಳಿಸಿಕೊಳ್ಳುತ್ತಿದ್ದಳು. ಕನ್ನಡ ಸಂಘದ ದೀಪಾವಳಿಯಲ್ಲಿ ಅಕ್ಷಯಾ ನುಡಿಸಿದಾಗ, "ನಿಮ್ಮ ಶಿಷ್ಯೆ ಅಂತೆ?" ಎಂದು ಯಾರೋ ರಾಜಲಕ್ಷ್ಮಿಯನ್ನು ಹೊಗಳಿದರು. ಅವಳಿಗೆ ಅದು ಬೈಗುಳಕ್ಕಿಂತ ಕಹಿಯಾಯಿತು.

ಚಳಿಗಾಲದ ರಿಹರ್ಸಲ್‌ಗಳಲ್ಲಿ ಡೆನೀಸ್ ನಮಗೆ ನಾಟಕದ ಕಥೆ ಬಿಡಿಸಿ ಹೇಳಿದರು. ನಾಯಕ ಒಬ್ಬ ಬಡಾಯಿಕೋರ, ಸುಳ್ಳುಗಾರ. ಇನ್ನೊಬ್ಬರ ಮದುವೆಯಿಂದ ಹೆಣ್ಣನ್ನು ಹೊತ್ತು ಓಡುತ್ತಾನೆ, ಬೆಟ್ಟದೊಳಗಿನ ಭೂತಗಳ ರಾಜನ ಕೈಗೆ ಸಿಕ್ಕಿ ತಪ್ಪಿಸಿಕೊಳ್ಳುತ್ತಾನೆ, ಸಾಯುವ ತಾಯಿಗೂ ಬಣ್ಣಬಣ್ಣದ ಸುಳ್ಳು ಹೇಳಿ ಕಳಿಸುತ್ತಾನೆ, ದೇಶ ದೇಶ ಅಲೆಯುತ್ತಾನೆ. ಎಲ್ಲರೂ ಹಿಮದ ನಾಡಿನದೆಂದುಕೊಳ್ಳುವ ಆ ಬೆಳಗು ನಾಟಕದಲ್ಲಿ ಬರುವುದು ಆಫ್ರಿಕಾದಲ್ಲಿ, ಅವನು ಎಲ್ಲವನ್ನೂ ಕಳ್ಳರಿಗೆ ಒಪ್ಪಿಸಿ ಕಂಗಾಲಾದ ಮೇಲೆ. ಅಷ್ಟು ವರ್ಷವೂ ಊರಿನ ಕಾಡಿನ ಗುಡಿಸಲಲ್ಲಿ ಒಬ್ಬಳು ಅವನಿಗಾಗಿ ಕಾಯುತ್ತಾ ಹಾಡುತ್ತಿರುತ್ತಾಳೆ. ಕೊನೆಗೆ ಮುದುಕನಾಗಿ ಅವನು ಬಂದಾಗ ಅವಳ ಕಣ್ಣು ಮಂಜಾಗಿರುತ್ತದೆ. ಆದರೂ ಮಡಿಲು ಕೊಡುತ್ತಾಳೆ.

ನಮ್ಮಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಕಾರಿನಲ್ಲಿ ರಾಜಲಕ್ಷ್ಮಿ, "ಇಡೀ ಜನ್ಮ ಕಾದಳಂತೆ. ನಿನಗೆ ಸಿಟ್ಟು ಬರಲಿಲ್ವೇನೇ ಅಂತ ಅವಳನ್ನ ಯಾರೂ ಕೇಳೋದಿಲ್ಲ, ನೋಡು" ಅಂದಳು.

ಏಪ್ರಿಲ್ ಎರಡನೇ ವಾರ ಎರಡು ಪ್ರದರ್ಶನ: ಶನಿವಾರ ನಮ್ಮೂರಿನ ಹೈಸ್ಕೂಲ್ ಸಭಾಂಗಣದಲ್ಲಿ, ಭಾನುವಾರ ಹತ್ತಿರದ ಎಲಿಕಾಟ್ ಸಿಟಿಯಲ್ಲಿ, ಎರಡೂ ಮಧ್ಯಾಹ್ನ ಮೂರಕ್ಕೆ. ಗುರುವಾರದ ಕೊನೆಯ ರಿಹರ್ಸಲ್‌ನಲ್ಲಿ ಅಕ್ಷಯಾಳ ಒಳ್ಳೆಯ ರೀಡಿನ ತುದಿ ಸ್ವರಹಾಳೆಯ ಸ್ಟ್ಯಾಂಡಿಗೆ ತಗುಲಿ ಸೀಳಿತು. "ಆಂಟಿ, ಹೊಸದು ಒಂದು ಮಾಡ್ತೀರಾ?" "ಮಾಡ್ತೀನಿ ಬಿಡು."

ಶುಕ್ರವಾರ ಕೆಲಸದಿಂದ ಬಂದು ಅವಳು ಮೇಜಿನ ಮುಂದೆ ಕೂತಳು. ರೀಡಿನ ನಡುಭಾಗ ಕೊಂಚ ದಪ್ಪ ಇರಬೇಕು, ಅದೇ ಅದರ ಬೆನ್ನೆಲುಬು. ಅಲ್ಲಿ ಹೆಚ್ಚು ಹೆರೆದರೆ ಮೊದಮೊದಲು ದನಿ ಬೆಣ್ಣೆಯಂತೆ ಬರುತ್ತದೆ. ನೆನೆದು ನೆನೆದು ಒಂದು ಗಂಟೆಯ ಹೊತ್ತಿಗೆ ಬಳಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಬೆಳಗಿನ ರಾಗ ಬರುವುದು ಮಧ್ಯಂತರ ಮುಗಿದ ಮೇಲೆ. ಇದೆಲ್ಲ ಅವಳಿಗೆ ಲೆಕ್ಕ ಹಾಕದೆಯೇ ಗೊತ್ತಿತ್ತು. ದಿನವಿಡೀ ಮಿಲಿಲೀಟರಿನ ನೂರನೇ ಒಂದು ಭಾಗ ಅಳೆಯುವ ಕೈ ಅವಳದು. ಹೆರೆಯುತ್ತಿರುವಾಗ ಕೈ ಒಂದು ಸಲವೂ ನಡುಗಲಿಲ್ಲ ಅಂತ ಹೇಳಿದಳು. ನನಗೆ ಆ ಮಾತೇ ಎಲ್ಲಕ್ಕಿಂತ ಭಯ ಹುಟ್ಟಿಸಿತು.

ಶನಿವಾರ ಸಭಾಂಗಣದಲ್ಲಿ ಅಕ್ಷಯಾ ಅದನ್ನು ಐದು ನಿಮಿಷ ಊದಿ ನೋಡಿ, "ಆಂಟಿ! ಇಷ್ಟು ಚೆನ್ನಾಗಿದ್ದು ನೀವು ಯಾವತ್ತೂ ಮಾಡಿಲ್ಲ" ಅಂತ ತಬ್ಬಿಕೊಂಡಳು.

ಮೊದಲ ಅರ್ಧ ಚೆನ್ನಾಗಿಯೇ ಹೋಯಿತು. ಭೂತಗಳ ರಾಜನ ಕುಣಿತಕ್ಕೆ ಜನ ಕುರ್ಚಿಯ ತುದಿಗೆ ಬಂದರು. ಮಧ್ಯಂತರವಾದ ಮೇಲೆ ನಟ ಮರುಭೂಮಿಯ ಮಾತು ಮುಗಿಸಿ ಕೂತ. ಡೆನೀಸ್ ಕೈ ಎತ್ತಿದರು, ಕೊಳಲು ಬೆಳಗನ್ನು ತೆರೆಯಿತು. ಅಕ್ಷಯಾ ಉತ್ತರ ಕೊಡಲು ಶುರುಮಾಡಿದಳು. ಮೊದಲ ಸ್ವರವೇ ಇಳಿದಿತ್ತು. ಅವಳು ತುಟಿ ಬಿಗಿ ಮಾಡಿ ಎತ್ತಲು ನೋಡಿದಳು. ಮೂರನೇ ಸ್ವರ ಕೀಚಲಾಗಿ ಒಡೆದು, ಆಮೇಲೆ ದನಿಯೇ ಇಲ್ಲ, ಬರೀ ಗಾಳಿ. ನಾಲ್ಕುನೂರು ಜನರ ಸಭೆ ಉಸಿರು ಬಿಗಿಹಿಡಿಯಿತು. ನಾನು ಕಮಾನನ್ನು ಎಲ್ಲಿ ಎಳೆಯಬೇಕೆಂಬುದನ್ನೇ ಮರೆತೆ.

ಕೊಳಲಿನವರು ತಮ್ಮ ಮುಂದಿನ ಸಾಲು ಹೇಗೋ ಹಿಡಿದರು. ಡೆನೀಸರ ಕಣ್ಣು ರಾಜಲಕ್ಷ್ಮಿಯ ಕಡೆ ಹೊರಳಿತು. ಅವಳ ಓಬೋ ಆಗಲೇ ತುಟಿಯಲ್ಲಿತ್ತು. ಮುಂದಿನ ಉತ್ತರ ಅವಳು ಕೊಟ್ಟಳು. ಅದರ ಮುಂದಿನದನ್ನೂ. ಅವಳ ಜೊತೆ ಹನ್ನೊಂದು ವರ್ಷ ನುಡಿಸಿದ್ದೇನೆ, ಅಂಥ ದನಿ ಅವಳಿಂದ ಕೇಳಿರಲಿಲ್ಲ. ಪಕ್ಕದಲ್ಲಿ ಆ ಹುಡುಗಿ ಕೆಂಪಗಾಗಿ, ತಲೆ ತಗ್ಗಿಸಿ ಡಬ್ಬಿಯಲ್ಲಿ ಹಳೆಯ ರೀಡ್ ಹುಡುಕುತ್ತಿದ್ದಳು. ರಾಗ ಮುಗಿದಾಗ ಬಗ್ಗಿ, "ಥ್ಯಾಂಕ್ ಯೂ ಆಂಟಿ" ಎಂದು ಪಿಸುಗುಟ್ಟಿದಳು.

ಕೊನೆಯ ಚಪ್ಪಾಳೆಯಲ್ಲಿ ಡೆನೀಸ್ ರಾಜಲಕ್ಷ್ಮಿಯನ್ನು ಒಬ್ಬಳನ್ನೇ ಎದ್ದು ನಿಲ್ಲಿಸಿದರು. ಜನ ಕೂಗಿದರು. "ನಿಂತಿದ್ದೆ ಅಷ್ಟೇ. ಎಷ್ಟು ವರ್ಷದಿಂದ ಬೇಕು ಅಂದಿದ್ದು ಬಾಯಿಗೆ ಬಿತ್ತು, ರುಚಿಯೇ ಇಲ್ಲ" ಅಂತ ಆಮೇಲೆ ಹೇಳಿದಳು.

ಹೊರಗಿನ ಪ್ಯಾಸೇಜಿನಲ್ಲಿ ಅಕ್ಷಯಾ, ಕೇಳಲು ಬಂದಿದ್ದ ತ್ಯಾಗರಾಜರ ಮುಂದೆ ಮಂಡಿಯೂರಿ ಕೂತು ಅಳುತ್ತಿದ್ದಳು. "ಅಜ್ಜಾ, ನೋಡ್ರಿ, ನಾ ಏನು ತಪ್ಪು ಮಾಡ್ದೆ? ಅಷ್ಟು ಒಳ್ಳೆ ರೀಡ್. ನಾನೇ ಜಾಸ್ತಿ ಕಚ್ಚಿದೆ ಅನ್ಸುತ್ತೆ." ಅವರು ಆ ರೀಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವಳ ತಲೆ ಸವರಿ, "ನಿನ್ನ ತಪ್ಪಲ್ಲಮ್ಮ" ಅಂದು ಅದನ್ನು ಜೇಬಿಗೆ ಹಾಕಿಕೊಂಡರು.

ಸಂಜೆ ಏಳಕ್ಕೆ ಡೆನೀಸ್ ಫೋನ್ ಮಾಡಿದರು. ಅಕ್ಷಯಾ ಕುಸಿದುಹೋಗಿದ್ದಾಳೆ, ನಾಳೆ ಎರಡನೇ ಕುರ್ಚಿಯಲ್ಲಿ ಕೂರುತ್ತೇನೆ ಎನ್ನುತ್ತಿದ್ದಾಳೆ, ನೀವು ಮೊದಲನೆಯದನ್ನು ನುಡಿಸುತ್ತೀರಾ? ರಾಜಲಕ್ಷ್ಮಿ ಹೂಂ ಅಂದಳು. ಫೋನ್ ಇಟ್ಟು ತಿರುಗಿದರೆ ಅಪ್ಪ ಊಟದ ಮೇಜಿನ ಮೇಲೆ ಆ ರೀಡನ್ನು ಇಟ್ಟುಕೊಂಡು ಕೂತಿದ್ದರು.

"ಇದು ಕೈ ಜಾರಿದ್ದಲ್ಲ ರಾಜಿ."

"ಅಲ್ಲ."

"ಯಾಕೆ ಮಾಡಿದೆ?"

ಅವಳು ಅತ್ತಳು, ಕಿರುಚಿದಳು. "ಅವಳಿಗೆ 'ಉಸಿರು ಅಂದ್ರೆ ಇದು' ಅಂದ್ರಿ. ನನಗೆ ಏನಂದಿದ್ರಿ ಅಪ್ಪಾ? ದಾರ ಸುತ್ತು ಅಂದ್ರಿ, ಚಾಕು ಮಸೆ ಅಂದ್ರಿ. ಈ ಮನೆಗೆ ಬಂದು ಒಂದೂವರೆ ವರ್ಷ ಆಯ್ತು. ಗರಾಜಿನಲ್ಲಿ ನಾನು ಊದೋದು ನಿಮಗೆ ಕೇಳಿಸ್ತಾ ಇರಲಿಲ್ವಾ?"

"ಕೇಳಿಸ್ತಿತ್ತು." ಮುದುಕರು ಕೈಯನ್ನೇ ನೋಡಿಕೊಳ್ಳುತ್ತಾ ಹೇಳಿದರು. "ಪ್ರತಿ ದಿನ ಕೇಳ್ತಿದ್ದೆ. ಕಲಿಸದೆ ಇಷ್ಟು ಕಲಿತಿದ್ದಾಳೆ, ಆಗಲೇ ಕಲಿಸಿದ್ರೆ ಏನಾಗ್ತಿದ್ದಳೋ ಅನ್ನಿಸ್ತಿತ್ತು. ಅದನ್ನ ನಿನ್ನ ಮುಂದೆ ಯಾವ ಬಾಯಲ್ಲಿ ಹೇಳಲಿ? ಆ ಹುಡುಗಿ ಹೊರಗಿನವಳು, ಅವಳಿಗೆ ಹೇಳೋದು ಸುಲಭ." ರೀಡನ್ನು ಅವಳ ಕಡೆ ಸರಿಸಿದರು. "ಕಲಿಸದೆ ಇದ್ದದ್ದು ನನ್ನ ತಪ್ಪು. ನೀನು ಮಾಡಿದ್ದು ನಿಂದು. ಅವಳು ತನ್ನ ಬಾಯಿ ಕೆಟ್ಟಿತು ಅಂದ್ಕೊಂಡಿದಾಳೆ. ಒಂದು ಸಲ ಹಾಗಂದ್ಕೊಂಡ್ರೆ ಊದೋರು ಮತ್ತೆ ಏಳೋದಿಲ್ಲ ರಾಜಿ. ನಾನು ಬ್ಯಾಂಡಿನಲ್ಲಿ ನೋಡಿದೀನಿ."

ಭಾನುವಾರ ಬೆಳಗ್ಗೆ ಎಂಟಕ್ಕೆ ಅವಳು ಅಕ್ಷಯಾಳ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಿದಳು. ದಾರಿಯಲ್ಲಿ ಎರಡು ಸಲ ಕಾರು ತಿರುಗಿಸಿ, ಮತ್ತೆ ಅದೇ ದಾರಿಗೆ ಬಂದಿದ್ದಳು. ಕಣ್ಣು ಊದಿಕೊಂಡಿದ್ದ ಹುಡುಗಿ, "ಆಂಟಿ? ಕಾಫಿ ಮಾಡ್ಲಾ?" ಅಂದಳು. ರಾಜಲಕ್ಷ್ಮಿ ನಿಂತಲ್ಲೇ ಹೇಳಿದಳು: "ರೀಡ್ ನಾನೇ ಕೆಡಿಸಿ ಕೊಟ್ಟೆ. ಬೇಕಂತಲೇ. ನಿನ್ನ ಮೇಲೆ ಹೊಟ್ಟೆಕಿಚ್ಚಿಗೆ."

ಅಕ್ಷಯಾಗೆ ಹೊಟ್ಟೆಕಿಚ್ಚು ಎಂಬ ಪದ ಗೊತ್ತಿರಲಿಲ್ಲ. "ಹೊಟ್ಟೆ, ವಾಟ್?" ರಾಜಲಕ್ಷ್ಮಿ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಎರಡನೇ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತಂತೆ.

ಹುಡುಗಿ ಬಾಗಿಲ ಹಿಡಿಯನ್ನು ಬಿಡಲಿಲ್ಲ. ಕೂರಿ ಅನ್ನಲಿಲ್ಲ. ಕೊನೆಗೆ, "ಸೋ, ಅದು ನಾನಲ್ಲ?" ಅಂದಳು.

"ನೀನಲ್ಲ. ಒಂದು ಚೂರೂ ಅಲ್ಲ."

"ಓಕೆ. ಪ್ಲೀಸ್ ಗೋ. ನಾನು ಪ್ರಾಕ್ಟೀಸ್ ಮಾಡ್ಬೇಕು."

ಅಲ್ಲಿಂದಲೇ ರಾಜಲಕ್ಷ್ಮಿ ಡೆನೀಸ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಅಂದು ಮಧ್ಯಾಹ್ನ ಎಲಿಕಾಟ್ ಸಿಟಿಯಲ್ಲಿ ಅಕ್ಷಯಾ ಮೊದಲನೇ ಕುರ್ಚಿಯಲ್ಲೇ ಕೂತಳು. ತನ್ನ ಡಬ್ಬಿಯ ಒಂದು ಹಳೆಯ, ಗಡಸು ರೀಡ್ ಹಾಕಿಕೊಂಡು ನುಡಿಸಿದಳು. ದನಿ ಸ್ವಲ್ಪ ಒರಟಾಗಿತ್ತು, ಒಂದು ಸ್ವರವೂ ತಪ್ಪಲಿಲ್ಲ. ಪಕ್ಕದಲ್ಲಿ ರಾಜಲಕ್ಷ್ಮಿ ಕೆಳಗಿನ ಜೊತೆ ದನಿ ನುಡಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆವತ್ತು ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಮರಳುವ ದಾರಿಯಲ್ಲಿ, ಹೆದ್ದಾರಿಯ ಪಕ್ಕ ಕಾರು ನಿಲ್ಲಿಸಿ ಅವಳು ಹೇಳಿದಳು.

ಡೆನೀಸ್ ಅವಳನ್ನು ಅರ್ಧ ವರ್ಷ ಹೊರಗಿಟ್ಟರು. ಕಾರಣ ಯಾರಿಗೂ ಹೇಳಲಿಲ್ಲ. ಚಳಿಗಾಲಕ್ಕೆ ಅವಳು ಎರಡನೇ ಕುರ್ಚಿಗೆ ಮರಳಿ ಬಂದಾಗ ಅಕ್ಷಯಾ ಸಭ್ಯಳಾಗಿಯೇ ಇದ್ದಳು. ಆದರೆ ಆಂಟಿ ಅನ್ನುವುದು ನಿಂತಿತು. ಎಲ್ಲ ಅಮೆರಿಕನ್ನರಂತೆ "ರಾಜಲಕ್ಷ್ಮಿ, ನಿಮ್ಮ ಪೆನ್ಸಿಲ್ ಕೊಡ್ತೀರಾ?" ಅನ್ನುತ್ತಿದ್ದಳು. ಶನಿವಾರದ ಊಟಕ್ಕೆ ಬರಲಿಲ್ಲ. ಅಜ್ಜನಿಗೆ ಮಾತ್ರ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಚಾಕು ಕೊಂಡು, ಅವರಿಂದಲೇ ರೀಡ್ ಮಾಡುವುದನ್ನು ಕಲಿತಳು.

ಎರಡು ಸಾವಿರದ ಇಪ್ಪತ್ತನಾಲ್ಕರ ಬೇಸಿಗೆಯಲ್ಲಿ ಅಕ್ಷಯಾ ಕೆಲಸ ಬದಲಾಯಿಸಿ ಅಟ್ಲಾಂಟಾಕ್ಕೆ ಹೋದಳು. ಮೊದಲನೇ ಕುರ್ಚಿಗೆ ಮತ್ತೆ ಪರದೆ ಕಟ್ಟಿ ಆಡಿಷನ್ ಆಯಿತು. ಈ ಸಲ ರಾಜಲಕ್ಷ್ಮಿಗೇ ಸಿಕ್ಕಿತು. ಅಟ್ಲಾಂಟಾದಲ್ಲಿ ಅಕ್ಷಯಾ ಇನ್ನೊಂದು ಆರ್ಕೆಸ್ಟ್ರಾ ಸೇರಿ ನುಡಿಸಿದ ವಿಡಿಯೋ ಡಿಸೆಂಬರಿನಲ್ಲಿ ತ್ಯಾಗರಾಜರಿಗೆ ಬಂತು. "ಮೂರು ಸಲ ನೋಡಿದೆ. ಮೂರನೇ ಸಲ ನೋಡಿದ್ದು ತಪ್ಪು ಹುಡುಕೋಕೆ. ಸಿಗಲಿಲ್ಲ" ಅಂದಳು ರಾಜಲಕ್ಷ್ಮಿ.

"ಇನ್ನೂ ಉರಿಯುತ್ತಾ?" ಎಂದು ಕೇಳಿದೆ.

"ಉರಿಯದೆ ಏನು? ಈಗ ಚಾಕು ಹಿಡಿದಾಗ ಉರಿ ಇದ್ದರೆ ಚಾಕು ಕೆಳಗಿಟ್ಟು ಎದ್ದು ಹೋಗ್ತೀನಿ, ಅಷ್ಟೇ ವ್ಯತ್ಯಾಸ."

ವಿಡಿಯೋ ಚೆನ್ನಾಗಿದೆ ಅಂತ ಅಕ್ಷಯಾಗೆ ಮೆಸೇಜು ಹಾಕಿದ್ದಳಂತೆ. ಎರಡು ದಿನ ಬಿಟ್ಟು ಮೇಲೆತ್ತಿದ ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಅದಕ್ಕಿಂತ ಹೆಚ್ಚು ಅವಳೂ ಬಯಸಿರಲಿಲ್ಲ.

ತ್ಯಾಗರಾಜರಿಗೆ ಈಗ ಎಂಬತ್ತಾರು. ಇತ್ತೀಚೆಗೊಂದು ಶನಿವಾರ ನಾನು ಹೋದಾಗ ಗರಾಜಿನ ಬಾಗಿಲು ತೆರೆದಿತ್ತು. ಅವರು ಸ್ವೆಟರ್ ಮೇಲೆ ಶಾಲು ಹೊದ್ದು ಮಗಳೆದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳು ಒಂದು ಸಾಲು ನುಡಿಸಿ ನಿಲ್ಲಿಸಿದಳು.

"ಊಹೂಂ. ಕೊನೆ ಸ್ವರ ಬೀಳಿಸ್ತಿದೀಯ. ಇನ್ನೊಂದು ಸಲ" ಅಂದರು.

ಐವತ್ಮೂರು ವರ್ಷದ ರಾಜಲಕ್ಷ್ಮಿ ಬೆನ್ನು ನೆಟ್ಟಗೆ ಮಾಡಿ ಮತ್ತೆ ಊದಿದಳು.